ಕೈಗೆ ಚಿಪ್ಪು

ವುಲಂಗಾಂಗ್, ಕ್ರೌನ್ ಸ್ಟ್ರೀಟು. ಜುಲೈ ತಿಂಗಳ ಚಳಿ.
ಬೇಕರಿಗೂ ಬೀಗದ ಕೈ ಮಾಡುವವನಿಗೂ ನಡುವೆ
ಒತ್ತರಿಸಿಕೊಂಡು ನಿಂತ ರಿಪೇರಿ ಅಂಗಡಿ.
ಮೇಜಿನ ಮೇಲೆ ಮುಚ್ಚಳ ಬಿಚ್ಚಿದ ಎರಡು ಯಂತ್ರ:
ಒಂದರ ಹೊಟ್ಟೆಯಲ್ಲಿ ನೂರಿಪ್ಪತ್ತು ಡಾಲರಿನ ಚಿಪ್ಪು,
ಇನ್ನೊಂದರಲ್ಲಿ ಎಂಟುನೂರ ತೊಂಬತ್ತರದ್ದು.

ಶೆರಿಲ್ ಟ್ವೀಡಿ ಸ್ಟೂಲಿನ ಮೇಲೆ ಕೂತಿದ್ದಾಳೆ,
ಪೋರ್ಟ್ ಕೆಂಬ್ಲಾದ ಉಕ್ಕಿನ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಕ್ರೇನು ನಡೆಸಿದವಳು.
"ಮೋನಿ, ಯಾವುದು ಒಳ್ಳೇದು? ಸುತ್ತಿ ಬಳಸಬೇಡ."
ಮೌನೇಶ ಅನ್ನುವುದು ಇಲ್ಲಿ ಯಾರ ನಾಲಿಗೆಗೂ ಒಗ್ಗಲಿಲ್ಲ.
ಇರಲಿ, ಮಾತು ಮಾರಿ ಬದುಕುವವನಿಗೆ
ಮೌನದ ಹೆಸರು ಎಷ್ಟು ಉಳಿದರೆ ಅಷ್ಟು.

ಪರೀಕ್ಷೆ ಓಡಿಸಿದೆ.
ಪರದೆಯ ಮೇಲೆ ಚೌಕ ಚೌಕವಾಗಿ ಒಂದು ಅಡುಗೆಮನೆ,
ಯಾರೂ ಎಂದೂ ಕಾಫಿ ಕಾಯಿಸದ ಅಡುಗೆಮನೆ.
ಗಾಜಿನ ಲೋಟಕ್ಕೆ ಬಿದ್ದ ಬಿಸಿಲನ್ನು
ಲೆಕ್ಕ ಹಾಕಿ ಹಾಕಿ ಬಿಡಿಸುತ್ತದೆ ಯಂತ್ರ.
ದೊಡ್ಡದು ಒಮ್ಮೆ ಗುಡುಗಿ, ಬಿಸಿಯುಸಿರು ಬಿಟ್ಟು
ಮೂವತ್ತೆಂಟು ಸಾವಿರದ ನಾನೂರು.
ಸಣ್ಣದು ಏದುತ್ತ, ಕಿಟಕಿಯ ಮೂಲೆಯಲ್ಲಿ ತಡವರಿಸಿ,
ಒಂಬತ್ತು ಸಾವಿರದ ಅರವತ್ತೇಳು.

"ನಾಲ್ಕು ಪಟ್ಟು," ಅಂದೆ.
"ಬೆಲೆ ಏಳು ಪಟ್ಟು," ಅಂದಳು.
ಕ್ರೇನಿನವರು ತೂಕ ನೋಡದೆ ಎತ್ತುವುದಿಲ್ಲ.

ಅಪ್ಪನೂ ಪತ್ತಾರ. ಸುರಪುರದ ಓಣಿಯಲ್ಲಿ
ಕರಿಯ ಒರೆಗಲ್ಲಿಗೆ ಉಂಗುರ ಉಜ್ಜಿ
ಗೆರೆಯ ಬಣ್ಣದಲ್ಲೇ ಮಚ್ಚು ಹೇಳುತ್ತಿದ್ದ.
ಆಮೇಲೆ ತಂದವಳ ಕೈ ನೋಡುತ್ತಿದ್ದ:
"ದಿನಾ ರೊಟ್ಟಿ ಬಡಿಯೋ ಬೆರಳು.
ಅಪ್ಪಟ ಬಂಗಾರ ಈ ಕೈಯಾಗ
ಮೂರ ತಿಂಗಳಿಗೆ ಸೊಟ್ಟ ಆಗತೈತಿ.
ತುಸು ತಾಮ್ರ ಇರ್ಲಿ ಬಿಡವಾ."
ಆ ಕಲ್ಲು ಯಾರ ಪಾಲಿಗೆ ಹೋಯಿತೋ.
ನನ್ನ ಪಾಲಿಗೆ ಬಂದದ್ದು ಈ ಪಟ್ಟಿ,
ಉದ್ದುದ್ದ ಹಸಿರು ಗೆರೆ, ಗಿಡ್ಡ ಕೆಂಪು ಗೆರೆ.

"ಒಂದು ಗುಟ್ಟು ಹೇಳಲೇ ಶೆರಿಲ್?
ಕೆಲವು ಸಲ ಇವು ಒಂದೇ ಹೆಂಚಿನ ದೋಸೆ.
ಹರಿದದ್ದು ಯಾವುದೋ, ಸೀದದ್ದು ಯಾವುದೋ ನೋಡಿ
ಕೆಟ್ಟ ಭಾಗಕ್ಕೆ ಬೀಗ ಹಾಕಿ
ಕಡಿಮೆ ಹೆಸರಿಟ್ಟು ಮಾರುತ್ತಾರೆ."
ಅವಳು ನಕ್ಕಳು: "ನಮ್ಮಲ್ಲೂ ಅಷ್ಟೇ.
ಅಂಚು ಬಿರಿದ ತಗಡು ಹಡಗಿಗೆ ಹೋಗುತ್ತಿರಲಿಲ್ಲ,
ನನ್ನ ಕೋಳಿಗೂಡಿನ ಮೇಲೆ ಬಂತು.
ಹದಿನಾಲ್ಕು ವರ್ಷ. ಒಂದು ಕೋಳಿಯೂ ನೆನೆದಿಲ್ಲ."

"ಅದು ಸರಿ, ಇದರಲ್ಲಿ ಏನು ಮಾಡುತ್ತೀ?"
"ಬೋಲಿಂಗ್ ಕ್ಲಬ್ಬಿನ ಲೆಕ್ಕ. ರಾತ್ರಿ ಚೆಸ್ಸು.
ಸಣ್ಣದೂ ನನ್ನನ್ನು ಸೋಲಿಸುತ್ತದಾ?"
"ಸೋಲಿಸುತ್ತದೆ."
"ದೊಡ್ಡದು?"
"ಇನ್ನೂ ಬೇಗ."
"ಹಾಗಾದರೆ ಏಳು ಪಟ್ಟು ಕೊಟ್ಟು
ಬೇಗ ಸೋಲುವ ಅವಸರ ಯಾರಿಗಿದೆ?"

ಸಣ್ಣದನ್ನು ಹಳೆಯ ಕಂಬಳಿಯಲ್ಲಿ ಸುತ್ತಿ
ಕಾರಿನ ಮುಂದಿನ ಸೀಟಿಗೆ ಕೂರಿಸಿ
ಬೆಲ್ಟು ಬೇರೆ ಹಾಕಿದಳು.
ನಲವತ್ತು ಡಾಲರಿನ ಕಮಿಷನ್ನು ಹೋಯಿತು,
ಅಪ್ಪನ ಬುದ್ಧಿ ನನಗೂ ಬಂದು
ಕೈಗೆ ಚಿಪ್ಪು.

ಬಾಗಿಲು ಹಾಕುವ ಮುಂಚೆ ದೊಡ್ಡದರ ಎದುರು ಕೂತು
ಒಂದು ಅಕ್ಷರ ಒತ್ತಿದೆ. ಮುಂದಿನದು ಹೊಳೆಯಲಿಲ್ಲ.
ಅಷ್ಟು ಹೊತ್ತಿನಲ್ಲಿ ಎಷ್ಟು ಕೋಟಿ ಸಲ
ಒಳಗೆ ಅದು ಎದ್ದು, ಬಾಗಿಲು ನೋಡಿ, ಮತ್ತೆ ಮಲಗಿತೋ.
ಶೆರಿಲ್‌ಳ ಮನೆಯಲ್ಲಿ ಸಣ್ಣದೂ ಹೀಗೇ ಕೂತಿರಬೇಕು,
ಕುದುರೆಯೋ ಒಂಟೆಯೋ ಎಂದು ಅವಳು ಗಲ್ಲ ಕೆರೆಯುವಾಗ.
ಕಾಯುವುದಕ್ಕೆ ಅಂಕ ಕೊಡುವ ಪಟ್ಟಿ
ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಪಕ್ಕದ ಬೇಕರಿಯವನು ಉಳಿದ ಬನ್ನು ತಂದ,
ಒಂದು ಕಡೆ ತುಸು ಸೀದದ್ದು.
ತಿಂದೆ. ಚೆನ್ನಾಗಿತ್ತು.