ಬಿದ್ದ ಉಡುಪು

ಗ್ಲೆಂಡೇಲಿನ ಹೊಲಿಗೆಯಂಗಡಿಯಲ್ಲಿ
ಎಂಬತ್ತೇಳರ ಸಿರ್ವಾರ್ಡ್
ಕೇಳಿದವರಿಗೆಲ್ಲ ಹೇಳುತ್ತಾಳೆ:
ಅದು ಒಂದಲ್ಲ, ನಾಲ್ಕು.

ನಿಲ್ಲಲಿಕ್ಕೊಂದು. ಎಷ್ಟು ಬಿಗಿಯೆಂದರೆ
ನಾಯಕಿ ಕೂರುವಂತಿಲ್ಲ,
ಒರಗುಹಲಗೆಗೆ ಆತು ನಿಂತೇ
ಸೂಪು ಕುಡಿದಳು, ಸ್ಟ್ರಾ ಹಾಕಿ.
ಕೂರಲಿಕ್ಕೊಂದು, ಬೆನ್ನ ಹೊಲಿಗೆ ಬಿಚ್ಚಿ
ಪಿನ್ನು ಚುಚ್ಚಿದ್ದು; ಕ್ಯಾಮೆರಾಕ್ಕೆ ಬೆನ್ನು ಕಾಣದಲ್ಲ.
ಕುಣಿಯಲಿಕ್ಕೊಂದು, ಮೂರು ಗೇಣು ಹೆಚ್ಚು ನೆರಿಗೆ.

ಮತ್ತೊಂದು, ಮೆಟ್ಟಿಲ ಮೇಲಿಂದ ಉರುಳಲಿಕ್ಕೆ.
ಅದನ್ನು ತೊಟ್ಟವನು ಎಲ್ಮರ್ ಎಂಬ ಸಣಕಲ.
ಮೊಣಕಾಲಿಗೆ ಮೆತ್ತೆ ಕಟ್ಟಿ, ಎದೆ ಬೋಳಿಸಿಕೊಂಡು
ಹದಿನೇಳು ಸಲ ಬಿದ್ದ.
ಹದಿನೇಳು ಸಲವೂ ಇವಳು ಅಂಚು ಕೂಡಿಸಿದಳು
ತುಟಿಯಲ್ಲಿ ಸೂಜಿ,
ಹಲ್ಲಿನ ಸಂದಿಯಲ್ಲಿ ಅರ್ಮೇನಿಯನ್ ಬೈಗುಳ.

ಕೆಂಪು, ಅಂತಾರೆ ಜನ. ಎಂಥ ಕೆಂಪು!
ಕಪ್ಪುಬಿಳುಪು ಚಿತ್ರ ಸ್ವಾಮಿ,
ಬಟ್ಟೆ ಪಾಚಿ ಬಣ್ಣದ್ದು.
ಕೆಂಪು ನಿಮ್ಮ ಕಣ್ಣಿನದು, ಇಟ್ಟುಕೊಳ್ಳಿ.

ನಿಂತದ್ದು ಈಗ ಗಾಜಿನೊಳಗಿದೆ,
ಮಬ್ಬು ದೀಪ, ಕಾವಲುಗಾರ.
ಹೋದ ವರ್ಷ ಅದರ ನಕಲು ತೊಟ್ಟು
(ನಕಲು ಮಾತ್ರ ನಿಜಕ್ಕೂ ಕೆಂಪು)
ಹುಡುಗಿಯೊಬ್ಬಳು ಕೆಂಪು ಹಾಸಿನ ಮೇಲೆ ನಡೆದಳು.
ಹಾಸು ಯಾವುದು, ಸೆರಗು ಯಾವುದು ತಿಳಿಯದ ಹಾಗೆ
ಮಿಂಚಿದವು ಫ್ಲಾಶುಗಳು.
ಟೀವಿಯೆದುರು ಸಿರ್ವಾರ್ಡ್ ಎಡಗಂಕುಳು ನೋಡಿ
'ಎಳೀತಿದೆ' ಅಂದಳು, ಅಷ್ಟೆ.

ಕೂತದ್ದು, ಕುಣಿದದ್ದು ಎಲ್ಲಿ ಹೋದವೋ.
ಬಿದ್ದದ್ದು ಇವಳಲ್ಲೇ ಇದೆ,
ಹೊಲಿಗೆ ಯಂತ್ರಕ್ಕೆ ಮುಸುಕಾಗಿ.
ರಾತ್ರಿ ಬೀಗ ಹಾಕುವ ಮುನ್ನ
ಕೊಡವಿ ಹೊದಿಸುತ್ತಾಳೆ,
ಮೊಣಕಾಲಿನ ತೇಪೆ ಮೇಲೆ ಬರುವ ಹಾಗೆ.