ಮಳೆಗೆ ನಿಯಮವಿಲ್ಲ

ಗುರುವಾರ ಗುರುವಾರ ನಾನು ಸೋಲುತ್ತೇನೆ.
ಇರಾಕಿನ ಟ್ಯಾಂಕುಗಳು ನನ್ನವು, ಅದಕ್ಕೆ.
ಹದಿನಾಲ್ಕು ಟಿ-ಐವತ್ತೈದು;
ಒಂದರ ನಳಿಗೆ ಮುರಿದು ಹೋಗಿ
ಹಲ್ಲುಕಡ್ಡಿ ಅಂಟಿಸಿದ್ದೇನೆ.

ಊರು ಕರ್ಕಾಲ್ಡಿ. ಮರ್ಡೋನ ಗ್ಯಾರೇಜು.
ಪಿಂಗ್‌ಪಾಂಗ್ ಮೇಜಿನ ಮೇಲೆ ಹಾಸಿದ ಹಳೇ ಪರದೆ,
ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಬಣ್ಣ:
ಅದೇ ಮರುಭೂಮಿ.
ಅಡಿಗೆ ತುರುಕಿದ ಹಳೇ ಪೇಪರೇ ದಿಬ್ಬ.
ಒಂದಡಿಗೆ ಒಂದು ಕಿಲೋಮೀಟರು,
ಒಂದು ಸರದಿಗೆ ಕಾಲು ಗಂಟೆ,
ಒಂದು ಟ್ಯಾಂಕಿಗೆ ನಾಲ್ಕು ಜನ
(ಅದನ್ನು ಯಾರೂ ಗುಣಿಸುವುದಿಲ್ಲ).

ಮರ್ಡೋ ಅಂಚೆಯವನು. ಬ್ರಿಟಿಷ್ ದಂಡು ಅವನದು.
ಇನ್ನಿಸ್ ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳುವವನು,
ಇಲ್ಲಿ ನಿಯಮಪುಸ್ತಕದ ಒಡೆಯ,
ಪುಟ ನಲವತ್ತೊಂದು, ಎರಡನೇ ಪ್ಯಾರಾ, ಎನ್ನುವಾಗ
ಪಾದ್ರಿಯ ದನಿ ಬರುತ್ತದೆ ಅವನಿಗೆ.
ತೊಂಬತ್ತೊಂದರ ಫೆಬ್ರವರಿಯಲ್ಲಿ ನಾವು ಮೂವರೂ
ಟಿವಿ ಮುಂದೆ ಕೂತಿದ್ದೆವು, ಬೇರೆ ಬೇರೆ ಮನೆಗಳಲ್ಲಿ,
ಅದೇ ಹಸಿರು ಮಿಂಚು ನೋಡುತ್ತ.

ಲಾಕ್ಲನ್ ಅಲ್ಲಿದ್ದ.
ಇನ್ನಿಸನ ಭಾವಮೈದುನ. ನೀರಿನ ಲಾರಿ ಓಡಿಸಿದವನು.
"ಸುಮ್ಮನೆ ನೋಡೋಕೆ ಬಂದೆ" ಅಂದ,
ಮೂರು ವಾರ ಕೆಟಲಿನ ಪಕ್ಕ ನಿಂತು
ನಮಗೆಲ್ಲ ಚಹಾ ಮಾಡಿಕೊಟ್ಟ.
ನಾವು ಕೇಳಲಿಲ್ಲ. ಹುಣ್ಣು ಕೆರೆಯಬಾರದು ಎನ್ನುವಷ್ಟು
ಬುದ್ಧಿ ನಮಗೂ ಇತ್ತು.

ನಾಲ್ಕನೇ ವಾರ. ಮರ್ಡೋನ ಚಾಲೆಂಜರುಗಳು
ಪೇಪರಿನ ದಿಬ್ಬ ಬಳಸಿ ಬಂದವು.
ಅಲ್ಲಿಂದ ಅವನ ಗುಂಡು ನನ್ನನ್ನು ಮುಟ್ಟುತ್ತದೆ,
ಇಲ್ಲಿಂದ ನನ್ನ ಕಣ್ಣು ಅವನನ್ನು ಮುಟ್ಟುವುದಿಲ್ಲ.
ನಾನು ಉರುಳಿಸಿದೆ: ಒಂದು. ಒಂದು. ಎರಡು.
ಸುಟ್ಟ ಟ್ಯಾಂಕಿನ ಮೇಲೆ ಹತ್ತಿಯುಂಡೆ ಇಡುವುದು ಪದ್ಧತಿ.
ಇಟ್ಟೆ, ಇಟ್ಟೆ, ಇಟ್ಟೆ.
ಮೇಜಿನ ನನ್ನ ಕಡೆಗೆ ಕುರಿಮಂದೆ ಮಲಗಿದ ಹಾಗಿತ್ತು.

"ಮಳೆ ಎಲ್ಲಿ?"

ಕೆಟಲಿನ ಕಡೆಯಿಂದ.

"ಮರುಭೂಮಿ ಕಣೋ" ಅಂದ ಇನ್ನಿಸ್.
"ಮಳೆ ಇತ್ತು. ಚಳಿ.
ಚಕ್ರಕ್ಕೆ ಕೆಸರು ಮೆತ್ತಿ ಲಾರಿ ಹಂದಿಯ ಹಾಗೆ ಹೊರಳುತ್ತಿತ್ತು.
ಬಿಸಿಲಿಗೆ ಅಂತ ಅಮ್ಮ ಮುಲಾಮು ಕಳಿಸಿದ್ದಳು,
ಬೂಟಿಗೆ ಬಳಿದೆ."

ಇನ್ನಿಸ್ ಪುಟ ತಿರುವಿದ.
ಮರಳುಗಾಳಿ ಇದೆ, ಇರುಳು ಇದೆ,
ಎಣ್ಣೆಬಾವಿಯ ಹೊಗೆಗೆ ಒಂದೂವರೆ ಪುಟ ಇದೆ.
ಮಳೆಗೆ ನಿಯಮವಿಲ್ಲ.
ಗ್ಯಾರೇಜಿನ ತಗಡಿನ ಮೇಲೆ ಮಾತ್ರ
ಸಂಜೆಯಿಂದ ಬಡಿಯುತ್ತಲೇ ಇತ್ತು.

ಲಾಕ್ಲನ್ ಮೇಜಿಗೆ ಬಂದ, ಮೊದಲ ಸಲ.
"ಕೈ ಎತ್ತಿದವರು ಎಲ್ಲಿ?"
ಡಬ್ಬಿ ಸುರಿದು ಹುಡುಕಿದೆವು. ಹೆಬ್ಬೆರಳ ಉಗುರಿನಷ್ಟು ಜನ:
ಗುಂಡು ಹಾರಿಸುವವರು, ಓಡುವವರು, ಗ್ರೆನೇಡ್ ಎಸೆಯುವವರು,
ಚೆಂದವಾಗಿ ಸಾಯುವವನೊಬ್ಬ.
ಕೈ ಎತ್ತಿದವರನ್ನು ಯಾವ ಕಂಪನಿಯೂ ಪೆಟ್ಟಿಗೆಗೆ ಹಾಕಿರಲಿಲ್ಲ.

ನನ್ನವರಲ್ಲಿ ಐವರನ್ನು ಆರಿಸಿ
ಕುದಿನೀರಿನ ಮಗ್ಗಿಗೆ ಬಿಟ್ಟ.
ಚಮಚದಲ್ಲಿ ಒಬ್ಬೊಬ್ಬನನ್ನೇ ಎತ್ತಿ
ಪುಟ್ಟ ತೋಳುಗಳನ್ನು ಉಗುರಿನಿಂದ ಮೇಲಕ್ಕೆ ಬಾಗಿಸಿ
ತಣ್ಣೀರಲ್ಲಿ ಅದ್ದಿದ.
ಒಬ್ಬನ ಬಂದೂಕು ಕೈಬಿಡಲಿಲ್ಲ; ಕತ್ತರಿಸಿದ.

"ಇಷ್ಟೇ ಅಲ್ಲ. ಇಷ್ಟುದ್ದ ಸಾಲು" ಅಂತ
ಮೇಜು ದಾಟಿ, ಬಾಗಿಲ ತನಕ ಕೈ ಚಾಚಿದ.
"ಒಬ್ಬ ನನ್ನ ವಾಚು ತೋರಿಸಿ ಗಂಟೆ ಎಷ್ಟು ಅಂತ ಕೇಳಿದ.
ಹತ್ತು ನಲವತ್ತು ಅಂದೆ.
ತಲೆಯಾಡಿಸಿದ,
ಎಲ್ಲಿಗೋ ತಡವಾದವನ ಹಾಗೆ."

ಆಮೇಲೆ ಮಗ್ಗು ತೊಳೆದಿಟ್ಟ.

ಈಗ ಪುಟ ನಲವತ್ತೊಂದರ ಅಂಚಿನಲ್ಲಿ
ಇನ್ನಿಸನ ಪೆನ್ಸಿಲ್ ಅಕ್ಷರ:
ಮಳೆ: ನಾಲ್ಕು ಅಥವಾ ಮೇಲೆ ಬಿದ್ದರೆ ನೋಟ ಅರ್ಧ.
ಹೋದ ವಾರ ಐದು ಬಿತ್ತು, ನಾನು ಸೋಲಲಿಲ್ಲ,
ಮರ್ಡೋ ರಾತ್ರಿಯಿಡೀ ಗೊಣಗಿದ.

ಆ ಐವರು ಯಾರ ಸರದಿಗೂ ಸೇರುವುದಿಲ್ಲ.
ಪರದೆ ಮಡಿಸುವಾಗ ನಾನೇ ಅವರನ್ನು
ಬೆಂಕಿಪೊಟ್ಟಣದಲ್ಲಿ ಮನೆಗೆ ತರುತ್ತೇನೆ.
ಬುಧವಾರ ರಾತ್ರಿ ಕುಂಚ ಹಿಡಿದು ಕೂರುತ್ತೇನೆ,
ಒಂದು ಪದರ, ಒಣಗಿದ ಮೇಲೆ ಇನ್ನೊಂದು.

ಬಾಗಿದ ಮೊಣಕೈಯಲ್ಲಿ
ಬಣ್ಣ ನಿಲ್ಲುವುದಿಲ್ಲ.