ಹೊಲಿಗಿ

ಟಿಳಕವಾಡಿ ಎರಡನೇ ಗೇಟಿನ ಹತ್ತರ,
ಹಿಟ್ಟಿನ ಗಿರಣಿ ಮ್ಯಾಲಿನ ಹಾಲಿನ್ಯಾಗ
ಜೂಡೋ ಕಲಸ್ತಾರಂತ. ಮ್ಯಾಟ್ ಹರದೈತಂತ.
ಶಹಾಪುರದಿಂದ ನನ್ನ ಕರಸಿದ್ರು.
ಮೇಣದ ದಾರ, ದಬ್ಬಣ, ಅಂಗೈಗೊಂದು ಚರ್ಮದ ತುಂಡು.
ಲಾರಿ ತಾಡಪತ್ರಿ ಹೊಲದ ಕೈ ಇದು,
ಇಂಥಾದ್ದು ಮುಟ್ಟಿದ್ದಿಲ್ಲ.

ಬಾಗಲದಾಗ ಚಪ್ಪಲಿ ಸಾಲು,
ಎಲ್ಲಾದರ ಮುಖಾ ಹೊರಗ.
ನಾ ಹೆಂಗ ಬಂದೆ ಹಂಗ ಬಿಟ್ಟೆ.
ಏಳೆಂಟು ವರ್ಷದ ಹುಡುಗಿ ಒಂದು,
ಬೆಲ್ಟಿನ ತುದಿ ಮೊಣಕಾಲಿಗೆ ಬಡೀತಿತ್ತು,
ಬಗ್ಗಿ ನನ್ನವೂ ತಿರಿವಿ ಇಟ್ಟಿತು.

"ಕಾಕಾ, ಮ್ಯಾಟ್ ಮ್ಯಾಲ ಕಾಲಿಡೂ ಮದಲ ಬಗ್ಗಬೇಕು."
"ಯಾರಿಗೆ?"
ಗ್ವಾಡಿ ನೋಡಿತು. ಯಾವ ದೇವರ ಫೋಟೋನೂ ಇರಲಿಲ್ಲ,
ಗಡಿಯಾರ ಒಂದಿತ್ತು, ಅದೂ ಹತ್ತ ನಿಮಿಷ ಮುಂದ.
"ಬೀಳ್ತೇವಲ್ಲ, ಅದಕ್ಕ" ಅಂತು.
ಮೊಣಕಾಲ ನೋವು ನಂದು.
ಕುತಗಿ ಅಷ್ಟ ಬಗ್ಗಿಸಿದೆ. ನಡೀತೈತಿ ಅಂತು.

ಹರದದ್ದು ನಟ್ಟ ನಡುವ ಅಲ್ಲ,
ಕಿಟಕಿ ಕಡೆ, ಗೇಣುದ್ದ, ಒಂದ ಜಾಗ.
ತಾಡಪತ್ರಿ ಹರಕ ನೋಡಿ ಹೇಳತೇನಿ ನಾನು
ಒಳಗ ಸಕ್ರಿ ಇತ್ತೋ ಸಿಮಿಟೋ,
ಹಗ್ಗ ಯಾವ ಮೂಲಿಗೆ ಜಗ್ಗಿತ್ತು ಅಂತ.
ಇದು ತಿಳೀಲಿಲ್ಲ.
"ಯಾರ ಬೀಳತಾರ ಇಲ್ಲೆ?"
ಸುಗಂಧಾ ಟೀಚರ್ ನಕ್ಕರು:
"ನಾನ. ಎತ್ತಿ ಒಗಿಯೂದು ಕಲಸಬೇಕಂದ್ರ
ಒಗಸ್ಕೊಳ್ಳಾಕ ಒಬ್ಬರು ಬೇಕಲ್ಲ.
ಹದಿನಾಲ್ಕ ವರ್ಷಾತು."

ಆಮ್ಯಾಲ ನಾ ಮಾತಾಡಲಿಲ್ಲ.
ಲಾರಿ ಹೊದಿಕಿಗೆ ಗಂಟು ಎಲ್ಲಿ ಬಂದ್ರೂ ನಡೀತೈತಿ.
ಇಲ್ಲೆ ಹುಡುಗರ ಕಾಲಬೆರಳು.
ಒಂದೊಂದ ಗಂಟೂ ಕೆಳಗ ದೂಡಿ,
ಉಗರಿನಿಂದ ತಿಕ್ಕಿ ನೋಡಿ,
ಎರಡ ಸಲ ಬಿಚ್ಚಿ ಮತ್ತ ಹೊಲದೆ.
ಕೆಳಗ ಗಿರಣಿ ಜ್ವಾಳಾ ಬೀಸೂ ಸಪ್ಪಳ,
ಮ್ಯಾಲ ಹದಿನಾರು ಹುಡುಗರು ಸಾಲಾಗಿ
ಮೊಣಕಾಲೂರಿ ಕುಂತು
ನನ್ನ ಸೂಜಿನ ನೋಡಾಕ ಹತ್ತಿದ್ರು.
ಯಾರೂ ಹಿಂಗ ಕುಂತು ನೋಡಿದ್ದಿಲ್ಲ ನನ್ನ ಕೆಲಸಾನ.

ಮುಗದ ಮ್ಯಾಲ ಆ ಹುಡುಗಿನ ಕರದು
ತೋಳ ಕೊಟ್ಟರು ಟೀಚರ್.
ಬಿದ್ದರು. ಫಟ್ ಅಂತು ಅಂಗೈ.
ಎಲ್ಲಾರೂ ಹುಡುಗಿ ಕಡೆ ನೋಡಿದ್ರು,
ನಾ ದಾರದ ಕಡೆ ಕಿವಿ ಕೊಟ್ಟಿದ್ದೆ.
ತಡೀತು.

ರೊಕ್ಕಾ ಎಣಿಸಿಕೊಂಡು ಇಳದು,
ಸೈಕಲ್ ಹತ್ತಿದ ಮ್ಯಾಲ ನೆನಪಾತು:
ಹೊರಗ ಬರೂವಾಗೂ ಬಗ್ಗಬೇಕಿತ್ತು.
ಗೇಟ್ ಬಿದ್ದಿತ್ತು, ಗೂಡ್ಸ್ ಗಾಡಿ, ಡಬ್ಬಿ ಮುಗೀಲೊಲ್ಲವು.
ತಿರಗಿ ಆ ಕಿಟಕಿ ನೋಡಿ
ಒಂದೀಟ ತಲಿ ಬಗ್ಗಿಸಿದೆ.
ಹಿಂದಿನ ಟೆಂಪೋದಾಂವ ಹಾರ್ನ್ ಹೊಡದ,
ಗೇಟ್ ಯಾವಾಗೋ ಎದ್ದಿತ್ತು.